ಮೊದಲ ಗಿರಾಕಿ ಉದ್ಯಮಬಾಗದಲ್ಲಿದ್ದ

ಆಕೆ ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 29. ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ನಾಲ್ಕು ವರ್ಷ ದುಡಿದು, ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಬೆಳಗಾವಿಗೆ ವಾಪಸ್ ಬಂದಿದ್ದಳು. ಟಿಳಕವಾಡಿಯ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಮಾರ್ಕೆಟಿಂಗ್ ಏಜೆನ್ಸಿ ಶುರು ಮಾಡಿ ಐದು ತಿಂಗಳಾಗಿತ್ತು. ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

ಕೂತ ಕೂಡಲೇ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ 63 ಹೆಸರು. ಕೆಫೆ, ಬೊಟೀಕ್, ಜಿಮ್, ಎರಡು ದಂತ ವೈದ್ಯರ ಕ್ಲಿನಿಕ್, ಖಡೇಬಜಾರದ ಸೀರೆ ಅಂಗಡಿಗಳು. ಎಲ್ಲರಿಗೂ ಒಂದೇ ಮೆಸೇಜು ಹೋಗಿತ್ತು. ಉತ್ತರ ಬಂದದ್ದು ಎರಡು. ಒಬ್ಬರು 'ರೇಟ್ ಎಷ್ಟು?' ಅಂತ ಕೇಳಿ ಸುಮ್ಮನಾಗಿದ್ದರು. ಇನ್ನೊಬ್ಬರು, 'ಈ ಮೊದಲು ಯಾರಿಗೆ ಮಾಡೀರಿ?' ಅಂತ ಕೇಳಿದ್ದರು. ಆ ಎರಡನೆಯ ಸಾಲಿನ ಕೆಳಗೆ ಪೆನ್ನು ಒತ್ತಿ ಗೆರೆ ಎಳೆದಿದ್ದಳು. ಕಾಗದ ಸ್ವಲ್ಪ ಹರಿದಿತ್ತು.

'ಅವರಿಗೆ ಏನು ಹೇಳಿದಿರಿ?' ಅಂದೆ.

ಮಾತಾಡದೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಆಕೆಯ ವೆಬ್‌ಸೈಟ್. 'ನಮ್ಮ ಗ್ರಾಹಕರು' ಅಂತ ಬರೆದು ಕೆಳಗೆ ಆರು ಲೋಗೋ. ಆರೂ ಹಳೇ ಏಜೆನ್ಸಿಯ ಗಿರಾಕಿಗಳವು. 'ಯಾರಾದರೂ ಆ ಕಂಪನಿಗೆ ಫೋನ್ ಮಾಡಿ ಕೇಳಿದರೆ?' ಅಂತ ನಾನು ಕೇಳುವಷ್ಟರಲ್ಲೇ ಕಣ್ಣು ತುಂಬಿಕೊಂಡಿತು. 'ಅದಕ್ಕ ರೀ ಮೇಡಂ ನಿದ್ದಿ ಬರೂದಿಲ್ಲ. ಫೋನ್ ಬಾರಿಸಿದ್ರ ಅವ್ರೇ ಏನೋ ಅನಸ್ತದ.'

ಗಿರಾಕಿ ಸಿಗಲಿ ಅಂತ ಕಾಯುತ್ತಿದ್ದ ಹುಡುಗಿಗೆ ಫೋನ್ ಬಂದರೆ ಹೆದರಿಕೆ ಆಗುತ್ತಿತ್ತು. ಹೀಗಿರುವಾಗ ಮಾರ್ಕೆಟಿಂಗ್ ಬಗ್ಗೆ ಎಷ್ಟು ಉಪಾಯ ಹೇಳಿದರೂ ಏನು ಪ್ರಯೋಜನ? ಮೊದಲು ಆ ಹೆದರಿಕೆ ಇಳಿಯಬೇಕಿತ್ತು. ಅವತ್ತೇ, ನನ್ನ ಎದುರಿಗೇ, ಆರೂ ಲೋಗೋ ತೆಗೆಯಲು ಹೇಳಿದೆ. ಪುಟ ಖಾಲಿಯಾಯಿತು. ಆಕೆ ಅದನ್ನು ಸುಮಾರು ಹೊತ್ತು ನೋಡುತ್ತಾ ಕೂತಳು. ನಾನೂ ಸುಮ್ಮನಿದ್ದೆ.

ಹಾಗಂತ ನಾಲ್ಕು ವರ್ಷದ ಕೆಲಸ ಸುಳ್ಳಾಗುವುದಿಲ್ಲ, ಅಲ್ವಾ? ಹಳೇ ಮೇಲಧಿಕಾರಿಗೆ ಪತ್ರ ಬರೆದು, ಯಾವ ಕೆಲಸದಲ್ಲಿ ತನ್ನ ಪಾಲು ಎಷ್ಟು ಅಂತ ಹೇಳಿಕೊಳ್ಳಲು ಅನುಮತಿ ಕೇಳು ಅಂದೆ. ಅವರು ಎರಡಕ್ಕೆ ಒಪ್ಪಿದರು, ಅಂಕಿಸಂಖ್ಯೆ ಮಾತ್ರ ಹಾಕಬಾರದು ಅಂದರು. 'ಬೆಂಗಳೂರಿನ ಏಜೆನ್ಸಿಯಲ್ಲಿದ್ದಾಗ ಇಂಥ ಕೆಲಸದ ತಂಡದಲ್ಲಿ ಜಾಹೀರಾತು ಬರೆಯುತ್ತಿದ್ದೆ' ಅನ್ನುವ ಒಂದು ಸಾಲು ಸಾಕು. ಯಾರು ಕೇಳಿದರೂ ಅದು ನಿಲ್ಲುತ್ತದೆ.

ನಿದ್ದೆಯ ವಿಷಯವನ್ನೂ ಬಿಡಲಿಲ್ಲ. ಊಟ, ಅಳು, ಬದುಕೇ ಬೇಡ ಅನ್ನುವ ಯೋಚನೆ, ಎಲ್ಲಾ ನೇರವಾಗಿ ಕೇಳಿದೆ. ಅಷ್ಟು ದೂರ ಹೋಗಿರಲಿಲ್ಲ. ಎರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ನೋಡೋಣ ಅಂದೆ. ರಾತ್ರಿ ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ನಂಬರ್ ಬರೆದುಕೊಟ್ಟೆ.

ದುಡ್ಡಿನ ಲೆಕ್ಕವೂ ತಲೆಯಲ್ಲಿ ಸುತ್ತುತ್ತಿತ್ತೇ ಹೊರತು ಕಾಗದದ ಮೇಲೆ ಬಂದಿರಲಿಲ್ಲ. ಬರೆಸಿದೆ. ಉಳಿತಾಯ 1,40,000. ಮನೆಗೆ ತಿಂಗಳಿಗೆ 18,000. ಅಂದರೆ ಸುಮಾರು ಏಳೂಮುಕ್ಕಾಲು ತಿಂಗಳು. 'ಇಷ್ಟು ದಿನ ಐತೇನ್ರಿ!' ಅಂದಳು. ಮುಂದಿನ ತಿಂಗಳೇ ಎಲ್ಲಾ ಮುಗಿಯುತ್ತದೆ ಅಂದುಕೊಂಡಿದ್ದಳಂತೆ. ಯಾರೋ ಹೆದರಿಸಿದ್ದರಿಂದ ಜಿಎಸ್‌ಟಿ ನೋಂದಣಿಗೂ ಓಡಾಡುತ್ತಿದ್ದಳು. ನಮ್ಮಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಅದರ ಕಡ್ಡಾಯ ಇಲ್ಲ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾತ್ರ ಮಾಡಿಸಿಕೊಳ್ಳಲು ಹೇಳಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ.

ಎರಡನೇ ಭೇಟಿಯಲ್ಲಿ ಒಂದು ಕೆಲಸ ಮಾಡಿದೆವು. ನಾನೇ ಅಂಗಡಿ ಮಾಲೀಕಳು, ನೀನು ನನಗೆ ಹೇಳು ಅಂದೆ. ಆಕೆ 24 ಸ್ಲೈಡಿನ ಪಿಪಿಟಿ ತೆಗೆದು ಶುರು ಮಾಡಿದಳು. ಬ್ರ್ಯಾಂಡ್, ಎಂಗೇಜ್‌ಮೆಂಟ್, ಗ್ರೋತ್. ಮೂರನೇ ಸ್ಲೈಡಿನ ಹೊತ್ತಿಗೇ ನನ್ನ ಗಮನ ತಪ್ಪಿತು. ಮಾತು ಬದಲಿಸಿ, 'ಅಪ್ಪ ಏನು ಕೆಲಸ ಮಾಡುತ್ತಿದ್ದರು?' ಅಂತ ಕೇಳಿದೆ.

'ಉದ್ಯಮಬಾಗದಾಗ ಟರ್ನರ್ ಇದ್ರು. ಮೂವತ್ತು ವರ್ಷ.' ದನಿ ಸಣ್ಣದಾಗಿತ್ತು. ಉದ್ಯಮಬಾಗ ಅಂದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ, ಟರ್ನರ್ ಅಂದರೆ ಲೇಥ್ ಮಷೀನಿನಲ್ಲಿ ಲೋಹ ಕಡೆಯುವವರು.

ಚಿಕ್ಕವಳಿದ್ದಾಗ ಮಧ್ಯಾಹ್ನದ ಬುತ್ತಿ ಈಕೆಯೇ ಒಯ್ಯುತ್ತಿದ್ದಳಂತೆ. ಅಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿದ್ದೇ ತಡ, ಬೇರೆಯೇ ಹುಡುಗಿ ಮಾತಾಡತೊಡಗಿದಳು. ಹೈಡ್ರಾಲಿಕ್ ಸಿಲಿಂಡರಿನ ಒಳಮೈ ಎಷ್ಟು ನುಣ್ಣಗಿರಬೇಕು, ಸಣ್ಣ ಗೀರು ಉಳಿದರೂ ಸೀಲ್ ಹೇಗೆ ಹಾಳಾಗಿ ಎಣ್ಣೆ ಸೋರುತ್ತದೆ, ಅದಕ್ಕೆ ಹೋನಿಂಗ್, ಅಂದರೆ ಒಳಮೈಯನ್ನು ಉಜ್ಜಿ ನಯ ಮಾಡುವುದು, ಯಾಕೆ ಬೇಕು. ಮುಷ್ಟಿ ಮಾಡಿ, ಅದರೊಳಗೆ ಇನ್ನೊಂದು ಕೈಯ ಬೆರಳು ತಿರುಗಿಸಿ ತೋರಿಸಿದಳು. ನನಗೂ ಅರ್ಥವಾಯಿತು!

'ಇದನ್ನ ಯಾಕೆ ಯಾರಿಗೂ ಹೇಳಿಲ್ಲ?'

'ಎಣ್ಣಿ, ಗ್ರೀಸಿನ ಮಂದಿಗೆ ಯಾರ್ ಮಾರ್ಕೆಟಿಂಗ್ ಮಾಡ್ತಾರ್ರಿ?'

ಯಾರೂ ಮಾಡುವುದಿಲ್ಲ, ಅದಕ್ಕೇ ನೀನು ಮಾಡು ಅಂದೆ. ಬೆಳಗಾವಿಯಲ್ಲಿ ಕೆಫೆಗೆ ರೀಲ್ ಮಾಡಿಕೊಡುವ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಫೌಂಡ್ರಿ, ಹೈಡ್ರಾಲಿಕ್ಸ್, ಜಾಬ್‌ವರ್ಕ್ ಅಂದರೆ ಏನು ಅಂತ ಒಳಗಿಂದ ಗೊತ್ತಿರುವವರು ಎಷ್ಟು ಜನ? ಹಿಂದಿನ ಗಿರಾಕಿ ಯಾರು ಅಂತ ಕೇಳುವ ಮಾಲೀಕನಿಗೆ ನಿಜವಾಗಿ ಬೇಕಾದದ್ದು, ಈಕೆಗೆ ನನ್ನ ಕೆಲಸ ಅರ್ಥ ಆಗುತ್ತದಾ ಅನ್ನುವುದು. ಅದಕ್ಕೆ ಈಕೆಯ ಹತ್ತಿರ ಉತ್ತರ ಇತ್ತು. ನಾಚಿಕೆಯಿಂದ ಮುಚ್ಚಿಟ್ಟಿದ್ದಳು ಅಷ್ಟೇ. 63 ಹೆಸರಿನ ಪಟ್ಟಿ ಬಿಟ್ಟು, ಅಪ್ಪನ ಜೊತೆ ಕೂತು ಹನ್ನೆರಡು ವರ್ಕ್‌ಶಾಪಿನ ಪಟ್ಟಿ ಮಾಡಿದಳು.

ಇಲ್ಲಿ ನನ್ನದೊಂದು ತಪ್ಪಾಯಿತು. ದಿನಕ್ಕೆ ಹತ್ತು ಕಡೆ ಹೋಗು ಅಂದುಬಿಟ್ಟಿದ್ದೆ. ಮೊದಲ ದಿನವೇ ಮೂರನೇ ವರ್ಕ್‌ಶಾಪಿನಲ್ಲಿ, 'ಅಪ್ಪನ್ನ ಕಳಸವಾ, ಅವ್ರ ಕೂಡ ಮಾತಾಡ್ತೀನಿ' ಅಂದರಂತೆ. ಮನೆಗೆ ಬಂದು ಎರಡು ದಿನ ಹೊರಗೆ ಬರಲಿಲ್ಲ. ಒಬ್ಬಳೇ ಹೆಣ್ಣುಮಗಳು ಗಂಡಸರೇ ತುಂಬಿದ ಶೆಡ್ಡಿಗೆ ಹೋಗಿ ಕೆಲಸ ಕೇಳುವುದು ಎಷ್ಟು ಭಾರ ಅಂತ ನಾನು ಸರಿಯಾಗಿ ಅಳೆದಿರಲಿಲ್ಲ. ದಿನಕ್ಕೆ ಎರಡೇ ಕಡೆ ಅಂತ ಬದಲಿಸಿದೆವು. ಕೆಲಸ ಕೇಳುವ ಮೊದಲು, ಅವರಿಗೆ ಉಪಯೋಗ ಆಗುವ ಒಂದು ಮಾತು ಹೇಳಬೇಕು ಅಂತ ನಿಯಮ ಮಾಡಿಕೊಂಡೆವು.

ಆ ಒಂದು ಮಾತನ್ನು ಆಕೆಯೇ ಹುಡುಕಿದಳು. ಹೋಗುವ ಮೊದಲು ಪ್ರತಿ ವರ್ಕ್‌ಶಾಪನ್ನೂ ಗೂಗಲ್ ಮ್ಯಾಪ್‌ನಲ್ಲಿ ನೋಡಿದಳು. ಒಂದು ಹೋನಿಂಗ್ ಶಾಪು 'ಹಾರ್ಡ್‌ವೇರ್ ಅಂಗಡಿ' ಅಂತ ಇತ್ತು. ಫೋನ್ ನಂಬರ್ ಬಂದ್ ಆದದ್ದು. ಮ್ಯಾಪಿನ ಗುರುತು ಹಿಂದಿನ ಗಲ್ಲಿಯಲ್ಲಿ. ಪುಣೆಯಿಂದಲೋ ಕೊಲ್ಹಾಪುರದಿಂದಲೋ ಪರ್ಚೇಸ್ ನೋಡುವವರು ಹುಡುಕಿದರೆ ಇವರು ಸಿಗುವ ಹಾಗೇ ಇರಲಿಲ್ಲ. ಪಿಪಿಟಿ ಮನೆಯಲ್ಲಿ ಬಿಟ್ಟು, ಮೊಬೈಲಿನಲ್ಲಿ ಇದನ್ನೇ ಮಾಲೀಕರಿಗೆ ತೋರಿಸಿದಳು. 'ಯಾಕ್ ಬೇಕವ್ವಾ ನಮಗ ಇದೆಲ್ಲಾ, ಬಾಯಿಂದ ಬಾಯಿಗೆ ಕೆಲ್ಸ ಬರ್ತದ' ಅಂದರು. ಎರಡನೇ ಸಲವೂ ಅದೇ. ಮೂರನೇ ಸಲ ಹೋದಾಗ ಅವರೇ ಕುರ್ಚಿ ಎಳೆದು, 'ಆ ನಂಬರಿಗೆ ನಾನೂ ಹಚ್ಚಿ ನೋಡ್ದೆ, ಹತ್ತಲಿಲ್ಲ' ಅಂದರು.

ಆಗ ಆಕೆ ನನಗೆ ಫೋನ್ ಮಾಡಿ, ಮೊದಲ ಕೆಲಸ ಪುಕ್ಕಟೆ ಮಾಡಿಕೊಡಲಾ ಅಂತ ಕೇಳಿದಳು. ಬೇಡ ಅಂದೆ. ಪುಕ್ಕಟೆ ಕೆಲಸಕ್ಕೆ ಮಾಲೀಕರು ಸಮಯ ಕೊಡುವುದಿಲ್ಲ. ಫೋಟೋ ಕೇಳಿದರೆ ನಾಳೆ ಅನ್ನುತ್ತಾರೆ, ತಿಂಗಳು ಕಳೆಯುತ್ತದೆ, ಕೊನೆಗೆ ತೋರಿಸಲು ಕೆಲಸವೂ ಇರುವುದಿಲ್ಲ. ಬದಲಿಗೆ ಕೆಲಸ ಚಿಕ್ಕದು ಮಾಡು ಅಂದೆ. ಒಂದು ತಿಂಗಳು, ಮೂರು ಕೆಲಸ, 6,000 ರೂಪಾಯಿ, ಅರ್ಧ ಮುಂಗಡ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಹುಡುಕಿದಾಗ ಕಾಣುವ ವಿವರ, ಸರಿ ಮಾಡುವುದು. ಯಾವ ಮಷೀನು ಇದೆ, ಎಷ್ಟು ವ್ಯಾಸ, ಎಷ್ಟು ಉದ್ದದ ತನಕ ಆಗುತ್ತದೆ ಅಂತ ಒಂದು ಪುಟದ ಮಾಹಿತಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್. ಇಷ್ಟನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು.

ಇನ್ನೊಂದು ವಿಷಯ ಒತ್ತಿ ಹೇಳಿದೆ. ಪ್ರೊಫೈಲಿನ ಒಡೆತನ ಮಾಲೀಕರ ಹೆಸರಿನಲ್ಲೇ ಇರಲಿ, ನೀನು ಮ್ಯಾನೇಜರ್ ಆಗಿ ಮಾತ್ರ ಇರು. ಮುಂದೆ ಜಾಹೀರಾತು ಹಾಕಿದರೂ ಖಾತೆ, ಕಾರ್ಡು ಅವರದೇ. ಜಾಹೀರಾತಿನ ಖರ್ಚೂ ನಿನ್ನ ಫೀಸೂ ಬೇರೆ ಬೇರೆ. ಖಾತೆ ತಮ್ಮ ಕೈಯಲ್ಲಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವವರನ್ನು ಕಂಡಿದ್ದೇನೆ. ಹೊಸಬರು ಆ ದಾರಿ ಹಿಡಿಯಬಾರದು. ಪರಿಚಯದವರಿಂದ ಸುಮ್ನೆ ಐದು ಸ್ಟಾರ್ ಹಾಕಿಸುವುದೂ ಬೇಡ. ಗೂಗಲ್ ನಿಯಮಕ್ಕೆ ಅದು ವಿರುದ್ಧ.

ಬಾಕಿ ಬಿಲ್ಲಿನ ಭಯಕ್ಕೂ ಉತ್ತರ ಇತ್ತು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ, ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ಇಲ್ಲದಿದ್ದರೆ 15 ದಿನ ಅಂತ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಅಪ್ಪನ ಗೆಳೆಯರ ಮುಂದೆ ಕಾಯ್ದೆ ಹಿಡಿಯುವ ಸಂದರ್ಭ ಬರುವುದಿಲ್ಲ, ಆದರೂ ಗೊತ್ತಿದ್ದರೆ ದುಡ್ಡು ಕೇಳುವಾಗ ದನಿ ನಡುಗುವುದಿಲ್ಲ.

ಕೆಲಸ ಶುರುವಾಗುವ ದಿನ ವರ್ಕ್‌ಶಾಪಿನ ಫೋನ್ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟು, ಹೊಸಬರು ಯಾರೇ ಫೋನ್ ಮಾಡಿದರೂ 'ನಮ್ಮ ನಂಬರ್ ಎಲ್ಲಿ ಸಿಕ್ತು?' ಅಂತ ಕೇಳಿ ಬರೆಯಲು ಮಾಲೀಕರ ಮಗನಿಗೆ ಹೇಳಿಕೊಟ್ಟಳು. ಎಷ್ಟು ಜನ ಪ್ರೊಫೈಲ್‌ನಿಂದ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಅಂತ ಗೂಗಲ್ ಕೂಡ ತೋರಿಸುತ್ತದೆ. ಆದರೆ ಮಾಲೀಕರು ನಂಬಿದ್ದು ಮಗ ಬರೆದ ನೋಟ್‌ಬುಕ್ಕನ್ನು. ತಿಂಗಳಲ್ಲಿ ಹೊಸ ಫೋನ್ ಹನ್ನೊಂದು. ಮೂವರು ಡ್ರಾಯಿಂಗ್ ಕಳಿಸಿದರು. ಒಂದು ಆರ್ಡರ್ ಕೈಗೂಡಿತು. ದೊಡ್ಡದಲ್ಲ, ಆದರೆ ಆ ಲೆಕ್ಕದಲ್ಲಿ ಒಂದಂಕಿಯೂ ಉಬ್ಬಿಸಿದ್ದಲ್ಲ.

ನಾಲ್ಕನೇ ಭೇಟಿಗೆ ಬಂದಾಗ ವೆಬ್‌ಸೈಟ್ ತೋರಿಸಿದಳು. 'ನಮ್ಮ ಗ್ರಾಹಕರು' ಅಂತ ಇದ್ದ ಜಾಗದಲ್ಲಿ 'ಮಾಡಿದ ಕೆಲಸ' ಅಂತಿತ್ತು. ಕೆಳಗೆ ಒಂದೇ ಹೆಸರು, ಮಾಲೀಕರು ಒಪ್ಪಿ ಕೊಟ್ಟ ಎರಡು ಸಾಲು, ನೋಟ್‌ಬುಕ್ಕಿನ ಒಂದು ಪುಟದ ಫೋಟೋ. ಪುಟದ ಮೂಲೆಗೆ ಎಣ್ಣೆಯ ಬೆರಳಚ್ಚು. ಅದನ್ನು ಕತ್ತರಿಸಿ ಹಾಕಲಾ ಅಂತ ಕೇಳಿದಳು. ಇರಲಿ ಬಿಡು ಅಂದೆ.

ಮಾತಿನ ಮಧ್ಯೆ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್. ನನ್ನ ಮುಖ ನೋಡಿ, ಎದ್ದು ಕಿಟಕಿ ಹತ್ತಿರ ಹೋಗಿ ಎತ್ತಿದಳು. 'ಹ್ಞೂಂ ರೀ, ನಾನs ಮಾತಾಡೂದು. ಹೇಳ್ರಿ.' ಪಕ್ಕದ ಗಲ್ಲಿಯ ಫೌಂಡ್ರಿಯವರಂತೆ. ನಾಳೆ ಹನ್ನೊಂದಕ್ಕೆ ಬಾ ಅಂದಿದ್ದರು.