ತಾನಾಗಿ ಆಫ್ ಆಗದ ಇಂಡಿಕೇಟರ್: ಸ್ವಿಚ್ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ಸರ್, ನನ್ನ ಹತ್ತಿರ 1960ರ ದಶಕದ ಒಂದು ಕಾರಿದೆ. ಎಡಕ್ಕೆ ತಿರುಗಿ ಸ್ಟೀರಿಂಗ್ ನೇರ ಮಾಡಿದರೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತದೆ. ಬಲಕ್ಕೆ ಮಾತ್ರ ಆಗುವುದಿಲ್ಲ. ಮರೆತರೆ ಅದು ಮಿನುಗುತ್ತಲೇ ಇರುತ್ತದೆ, ಹಿಂದಿನವರು ಹಾರ್ನ್ ಹೊಡೆದಾಗಲೇ ನನಗೆ ಗೊತ್ತಾಗೋದು. ಮೆಕ್ಯಾನಿಕ್ ಇಡೀ ಸ್ವಿಚ್ ಬದಲಿಸಬೇಕು ಅನ್ನುತ್ತಾರೆ. ಬೇರೆ ದಾರಿ ಇಲ್ಲವಾ?

ಉತ್ತರ: ಇದೆ. ಸ್ವಿಚ್ ಕೊಳ್ಳುವುದು ಕೊನೆಯ ಕೆಲಸ, ಮೊದಲನೆಯದಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ಸ್ಟೀರಿಂಗ್ ಜೊತೆಗೇ ತಿರುಗುವ ಒಂದು ಬಳೆ ಇರುತ್ತದೆ, ಅದಕ್ಕೆ ಕ್ಯಾಮ್ ಅನ್ನುತ್ತಾರೆ. ಅದರ ಮೇಲೆ ಒಂದೋ ಎರಡೋ ಉಬ್ಬು. ಸ್ವಿಚ್ಚಿನಲ್ಲಿ ಸ್ಪ್ರಿಂಗ್ ಹಾಕಿದ ಎರಡು ಪುಟ್ಟ ನಾಲಿಗೆಗಳಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ನೀವು ಬಲಕ್ಕೆ ಇಂಡಿಕೇಟರ್ ಹಾಕಿದಾಗ ಒಂದು ನಾಲಿಗೆ ಆ ಉಬ್ಬು ಬರುವ ದಾರಿಗೆ ಚಾಚಿಕೊಳ್ಳುತ್ತದೆ. ಸ್ಟೀರಿಂಗ್ ಬಲಕ್ಕೆ ತಿರುಗುವಾಗ ಉಬ್ಬು ಬಂದು ನಾಲಿಗೆಯನ್ನು ಮಡಚಿ ದಾಟಿ ಹೋಗುತ್ತದೆ, ಏನೂ ಆಗುವುದಿಲ್ಲ. ವಾಪಸ್ ಬರುವಾಗ ಮಾತ್ರ ಅದೇ ನಾಲಿಗೆ ಮಡಚದೆ ಉಬ್ಬಿಗೆ ಸಿಕ್ಕಿಕೊಂಡು ಲಿವರನ್ನು ನಡುವಿಗೆ ತಳ್ಳುತ್ತದೆ. ಹೋಗುವಾಗ ಬಿಡುವ, ಬರುವಾಗ ತಡೆಯುವ ಒಂದೇ ದಿಕ್ಕಿನ ಗೇಟ್ ಇದ್ದಹಾಗೆ. ಇದರಲ್ಲಿ ಕರೆಂಟಿನ ಪಾತ್ರವೇ ಇಲ್ಲ. ಹಾಗಾಗಿ ಫ್ಲ್ಯಾಶರ್ (ದೀಪ ಮಿನುಗಿಸುವ ಪುಟ್ಟ ಡಬ್ಬಿ), ಫ್ಯೂಸ್, ಬಲ್ಬ್ ಅಂತ ಹುಡುಕಬೇಡಿ. ದೀಪ ಬೇಗ ಬೇಗ ಮಿನುಗಿದರೆ ಅಥವಾ ಮಿನುಗದೇ ಹೋದರೆ ಅದು ಬೇರೆ ಕಥೆ.

ನಿಮ್ಮ ಕಾರಿನಲ್ಲಿ ಒಂದು ಕಡೆ ಸರಿ ಇದೆ. ಅಂದರೆ ಕ್ಯಾಮ್ ಪೂರ್ತಿ ಮುರಿದಿಲ್ಲ. ಉಳಿದದ್ದು ಎರಡು ಅನುಮಾನ: ಬಲಗಡೆ ಕೆಲಸ ಮಾಡುವ ನಾಲಿಗೆ ಅಥವಾ ಅದರ ಸ್ಪ್ರಿಂಗ್ ಕೆಟ್ಟಿರಬೇಕು, ಇಲ್ಲವೇ ಕ್ಯಾಮ್ ನಡುವಿನಿಂದ ಒಂದು ಕಡೆಗೆ ಸರಿದಿರಬೇಕು. ಇದನ್ನು ಏನೂ ಬಿಚ್ಚದೆಯೇ ಕಂಡುಹಿಡಿಯಬಹುದು. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಬಲಕ್ಕೆ ಇಂಡಿಕೇಟರ್ ಹಾಕಿ, ಸ್ಟೀರಿಂಗನ್ನು ಮಾಮೂಲಿಗಿಂತ ಜಾಸ್ತಿ, ಹೆಚ್ಚುಕಮ್ಮಿ ಪೂರ್ತಿ ಒಂದು ಸುತ್ತು ತಿರುಗಿಸಿ ವಾಪಸ್ ತನ್ನಿ. ಆಗ ಆಫ್ ಆಯಿತು, ಎಡಕ್ಕೆ ಮಾತ್ರ ಸ್ವಲ್ಪ ತಿರುಗಿಸಿದರೂ ಬೇಗನೆ ಆಫ್ ಆಗಿಬಿಡುತ್ತದೆ ಅಂದರೆ ಕ್ಯಾಮ್ ಸರಿದಿದೆ. ಎಷ್ಟು ತಿರುಗಿಸಿದರೂ ಬಲಗಡೆ ಆಫ್ ಆಗುವುದೇ ಇಲ್ಲ ಅಂದರೆ ನಾಲಿಗೆಯದ್ದೇ ತೊಂದರೆ. ಕಿವಿಯೂ ಸಹಾಯ ಮಾಡುತ್ತದೆ. ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮುಂದಿನ ಚಕ್ರಗಳನ್ನು ಜ್ಯಾಕ್ ಹಾಕಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ತಿರುಗಿಸಿದರೆ, ಉಬ್ಬು ನಾಲಿಗೆಯನ್ನು ದಾಟುವಾಗ ಸಣ್ಣದಾಗಿ ಟಿಕ್ ಅನ್ನುತ್ತದೆ. ಆ ಟಿಕ್ ಬರಲೇ ಇಲ್ಲ ಅಂದರೆ ನಾಲಿಗೆ ಹೊರಗೆ ಚಾಚುತ್ತಲೇ ಇಲ್ಲ ಅಂತ ಅರ್ಥ.

ನಾಲಿಗೆ ಚಾಚದೇ ಇರಲು ಹೆಚ್ಚಾಗಿ ಕಾರಣ ಹಳೇ ಗ್ರೀಸ್. ವರ್ಷಗಟ್ಟಲೆ ಕೂತು ಮೇಣದಂತಾಗಿ, ಅಷ್ಟು ಚಿಕ್ಕ ಸ್ಪ್ರಿಂಗಿಗೆ ಅದನ್ನು ನೂಕಲು ಆಗುವುದಿಲ್ಲ. ಅದನ್ನು ತೊಳೆದು ಹೊಸ ಗ್ರೀಸ್ ಹಚ್ಚಿದರೆ ಎಷ್ಟೋ ಸ್ವಿಚ್‌ಗಳು ಸರಿಹೋಗುತ್ತವೆ. ಹಾಗಂತ ಮೇಲಿಂದಲೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈ ತೊಳೆದುಕೊಳ್ಳಬೇಡಿ. ಅದು ಇರುವ ಗ್ರೀಸನ್ನೂ ಕರಗಿಸಿ ಕರೆಂಟ್ ಹಾಯುವ ಕಾಂಟ್ಯಾಕ್ಟ್‌ಗಳ ಮೇಲೆ ಹರಡುತ್ತದೆ. ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಧೂಳು ಅಂಟಿ ಮತ್ತೆ ಅದೇ ಕಥೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಎಚ್ಚರ ಬೇಕು ಅಷ್ಟೆ. ಮೊದಲು ಬ್ಯಾಟರಿ ತಂತಿ ತೆಗೆಯಿರಿ. ಹಾರ್ನಿನ ಕಾಂಟ್ಯಾಕ್ಟ್ ಬಹಳ ಕಾರುಗಳಲ್ಲಿ ಇದೇ ಜಾಗದಲ್ಲಿರುತ್ತದೆ. ಚಕ್ರಗಳು ನೇರ ಇರಲಿ. ಹಾರ್ನ್ ಪ್ಯಾಡ್ ತೆಗೆದು, ನಡುವಿನ ನಟ್ ಕಂಡ ಮೇಲೆ, ಸ್ಟೀರಿಂಗ್ ಮತ್ತು ಅದು ಕೂತಿರುವ ಶಾಫ್ಟ್ (ದಂಡ) ಎರಡರ ಮೇಲೂ ಒಂದೇ ಗೆರೆಯಲ್ಲಿ ಪೇಂಟ್ ಗುರುತು ಹಾಕಿ. ಈ ಗುರುತನ್ನು ಯಾರೂ ಹಾಕುವುದಿಲ್ಲ, ಆಮೇಲೆ ಎಲ್ಲರೂ ಪರದಾಡುತ್ತಾರೆ. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿಕೊಂಡು ಪುಲ್ಲರ್ (ಸ್ಟೀರಿಂಗ್ ಕೀಳುವ ಸಾಧನ) ಹಾಕಿ ಎಳೆಯಿರಿ, ಇಲ್ಲದಿದ್ದರೆ ಸ್ಟೀರಿಂಗ್ ಹಠಾತ್ತನೆ ಬಿಟ್ಟುಕೊಂಡು ಮುಖಕ್ಕೆ ಬಡಿಯುತ್ತದೆ. ಶಾಫ್ಟ್ ತುದಿಗೆ ಸುತ್ತಿಗೆಯಿಂದ ಹೊಡೆಯಲೇಬೇಡಿ. 1960ರ ದಶಕದ ಕೊನೆಯ ಹೊತ್ತಿಗೆ ಅಪಘಾತದಲ್ಲಿ ಕುಸಿಯುವಂಥ ಸ್ಟೀರಿಂಗ್ ಕಾಲಂ (ಶಾಫ್ಟ್ ಮತ್ತು ಅದರ ಕೊಳವೆ) ಬಳಕೆಗೆ ಬಂದಿತ್ತು, ಅಂಥದ್ದಕ್ಕೆ ಸುತ್ತಿಗೆ ಏಟು ಬಿದ್ದರೆ ಕಾಲಂ ಒಳಗಡೆಯೇ ಹಾಳಾಗುತ್ತದೆ.

ಸ್ವಿಚ್ ಹೊರಗೆ ಬಂದ ಮೇಲೆ ಮೊದಲು ಫೋಟೋ ತೆಗೆದುಕೊಳ್ಳಿ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನ ಒಳಗೆ ಕೈ ಹಾಕಿ ಬಿಚ್ಚಿ. ಸಣ್ಣ ಸ್ಪ್ರಿಂಗ್ ಹಾರಿದರೆ ಕವರಿನಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಆ ದಿನವೆಲ್ಲ ನೆಲ ಸವರುವುದೇ ಕೆಲಸ. ನಾಲಿಗೆಗಳನ್ನು ತೊಳೆದು, ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿ, ಕಾಂಟ್ಯಾಕ್ಟ್‌ಗಳಿಗೆ ತಾಗದಂತೆ. ಕಾಂಟ್ಯಾಕ್ಟ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿದರೆ ಸಾಕು, ಅರದಿಂದ ಉಜ್ಜಬೇಡಿ. ನಾಲಿಗೆಯ ತುದಿ ಸವೆದು ದುಂಡಗಾಗಿದ್ದರೆ ಮಾತ್ರ ಸ್ವಿಚ್ ಬದಲಿಸುವ ಮಾತು. ವಾಪಸ್ ಜೋಡಿಸುವಾಗ ನಡುವಿನ ನಟ್ಟನ್ನು ನಿಮ್ಮ ಕಾರಿನ ಮ್ಯಾನುಯಲ್ ಹೇಳುವ ಬಿಗಿತದ ಅಳತೆಗೆ, ಅಂದರೆ ಟಾರ್ಕ್‌ಗೇ ಬಿಗಿ ಮಾಡಿ, ಲಾಕ್ ವಾಷರ್ ಇದ್ದರೆ ಹೊಸದು ಹಾಕಿ. ಇಂಡಿಕೇಟರ್ ಸರಿಮಾಡಲು ಹೋಗಿ ಸ್ಟೀರಿಂಗ್ ಸಡಿಲವಾಗಬಾರದು ಅಲ್ವಾ?

ಪ್ರಶ್ನೆ: ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ನನ್ನ ಕಾರಿನಲ್ಲಿ ಇಂಡಿಕೇಟರ್ ಒಂದು ಕಡೆ ಬೇಗ ಆಫ್ ಆಗುತ್ತದೆ, ಇನ್ನೊಂದು ಕಡೆ ಆಗುವುದೇ ಇಲ್ಲ. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ: ಖಂಡಿತ ಇರಬಹುದು. ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಓರೆ ನಿಂತರೆ ಮುಂದಿನ ಚಕ್ರಗಳನ್ನು ತಿರುಗಿಸುವ ಸರಳುಗಳಲ್ಲಿ, ಅಂದರೆ ಟೈ ರಾಡ್‌ಗಳಲ್ಲಿ ಸರಿಪಡಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಸೋಮಾರಿ ದಾರಿ ಅಂದರೆ ಸ್ಟೀರಿಂಗನ್ನೇ ಎತ್ತಿ ಸ್ಪ್ಲೈನಿನ (ಶಾಫ್ಟ್ ತುದಿಯ ಹಲ್ಲುಗಳ ಸಾಲಿನ) ಒಂದೆರಡು ಹಲ್ಲು ಆಚೆ ಕೂರಿಸುವುದು. ನೋಡಲು ನೇರ, ಆದರೆ ಕ್ಯಾಮ್ ಶಾಫ್ಟಿನ ಮೇಲಿದ್ದರೆ ಅದಕ್ಕೂ ಸ್ವಿಚ್ಚಿಗೂ ಇದ್ದ ಲೆಕ್ಕ ತಪ್ಪೇ ಉಳಿಯುತ್ತದೆ. ಕ್ಯಾಮ್ ಶಾಫ್ಟಿಗೆ ಕಚ್ಚಿಕೊಂಡಿದೆಯೋ ಸ್ಟೀರಿಂಗ್ ಬುಡಕ್ಕೆ ಅಂಟಿಕೊಂಡಿದೆಯೋ ಮೊದಲು ನೋಡಿ. ಶಾಫ್ಟಿಗೆ ಕಚ್ಚಿಕೊಂಡಿದ್ದರೆ ಅದನ್ನೇ ಸಡಿಲಿಸಿ ತಿರುಗಿಸಬಹುದು. ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಚಕ್ರ ನೇರ ಇದ್ದಾಗ ಕ್ಯಾಮಿನ ಉಬ್ಬು ಸ್ವಿಚ್ಚಿನ ಕಡೆಗೆ ಮುಖ ಮಾಡಿರಬೇಕು. ಬುಡಕ್ಕೆ ಅಂಟಿಕೊಂಡಿದ್ದರೆ ಅದು ಸ್ಟೀರಿಂಗ್ ಜೊತೆಗೇ ಸರಿಯುತ್ತದೆ, ಹಾಗಾಗಿ ಸ್ಟೀರಿಂಗ್ ಓರೆ ನಿಂತಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಗ ಸ್ಟೀರಿಂಗ್ ಬಾಕ್ಸನ್ನು (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಸಾಗಿಸುವ ಗೇರ್ ಡಬ್ಬಿ) ನಡುವಿಗೆ ತಂದು, ಸ್ಟೀರಿಂಗನ್ನು ಮೊದಲಿನ ಜಾಗಕ್ಕೆ ಕೂರಿಸಿ, ಉಳಿದ ಓರೆಯನ್ನು ಟೈ ರಾಡ್‌ಗಳಲ್ಲಿ ಸರಿಮಾಡಿಸಿ. ಕೆಲಸ ಮಾಡಿದವರಿಂದಲೇ ಮಾಡಿಸಿ, ಕೇಳಲು ಸಂಕೋಚ ಬೇಡ.

ಪ್ರಶ್ನೆ: ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್ ಹಾಕಿಸಿದ ದಿನದಿಂದ ಎರಡೂ ಕಡೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತಿಲ್ಲ.

ಉತ್ತರ: ಹಳೇ ಸ್ಟೀರಿಂಗಿನ ಹಿಂಬದಿ ತಿರುಗಿಸಿ ನೋಡಿ. ಅಲ್ಲಿ ಕ್ಯಾಮ್ ಬಳೆಯೋ ಅದನ್ನು ತಿರುಗಿಸುವ ಪಿನ್ನುಗಳೋ ಇರುತ್ತವೆ. ಹೊಸ ಸ್ಟೀರಿಂಗಿನ ಬಾಸಿನಲ್ಲಿ (ಶಾಫ್ಟಿನ ಮೇಲೆ ಕೂರುವ ನಡುಭಾಗ) ಅದಿಲ್ಲ ಅಂದರೆ ಅದನ್ನು ಅಲ್ಲಿಗೆ ವರ್ಗಾಯಿಸಬೇಕು. ಪಿನ್ ಇದ್ದೂ ಆಗದಿದ್ದರೆ ಬಾಸ್ ಎತ್ತರ ಕೂತಿದೆ, ಪಿನ್ ತಲುಪುತ್ತಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮೂಲ ಸ್ಟೀರಿಂಗ್ ಇದ್ದರೂ ಸ್ಟೀರಿಂಗಿಗೂ ಸ್ವಿಚ್ಚಿಗೂ ನಡುವಿನ ಸಂದು ಜಾಸ್ತಿಯಾದರೆ ಇದೇ ಕಾಟ. ಪಿನ್ ಬದಲು ಉದ್ದದ ಸ್ಕ್ರೂ ಹಾಕುವವರಿದ್ದಾರೆ. ಹಾಕಿದರೆ, ರಸ್ತೆಗೆ ಇಳಿಯುವ ಮೊದಲು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ.

ಪ್ರಶ್ನೆ: ಪ್ಲಾಸ್ಟಿಕ್ ಕ್ಯಾಮ್ ಎರಡು ತುಂಡಾಗಿದೆ. ಅಂಟಿಸಿದರೆ ನಿಲ್ಲುತ್ತದೆಯೇ? ಗೆಳೆಯರೊಬ್ಬರು ತ್ರೀಡಿ ಪ್ರಿಂಟ್ ಮಾಡಿಕೊಡುತ್ತೇನೆ ಅನ್ನುತ್ತಾರೆ.

ಉತ್ತರ: ಅಂಟು ನಿಲ್ಲುವುದಿಲ್ಲ. ಇಂಥ ಭಾಗಗಳನ್ನು ನೈಲಾನಿನಂಥ ಜಾರುವ ಪ್ಲಾಸ್ಟಿಕ್ಕಿನಲ್ಲಿ ಮಾಡಿರುತ್ತಾರೆ, ಅಂಟು ಅದಕ್ಕೆ ಹಿಡಿಯುವುದಿಲ್ಲ. ಪ್ರಿಂಟ್ ಒಳ್ಳೆಯ ಯೋಚನೆ, ಆದರೆ ಅದಕ್ಕೆ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ಕಾದ ಪಿಎಲ್‌ಎ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಸ್ಟೀರಿಂಗ್ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ನೈಲಾನ್ ಅಥವಾ ಇನ್ನೊಂದು ಪ್ಲಾಸ್ಟಿಕ್ಕಾದ ಎಬಿಎಸ್‌ನಲ್ಲಿ ಮಾಡಿಸಿ. ಮುರಿದ ತುಂಡುಗಳನ್ನು ಬಿಸಾಡಬೇಡಿ, ಅಳತೆಗೆ ಅವೇ ಆಧಾರ.

ಪ್ರಶ್ನೆ: ನನ್ನ ಕಾರಿನಲ್ಲಿ ಈ ವ್ಯವಸ್ಥೆ ಮೊದಲಿನಿಂದ ಇತ್ತೋ ಇಲ್ಲವೋ ಅಂತಲೇ ಗೊತ್ತಿಲ್ಲ. ಇಲ್ಲದಿದ್ದರೆ ಏನು ಮಾಡಲಿ?

ಉತ್ತರ: ಕಾರಿನ ವಯಸ್ಸು ನೋಡಿ ಹೇಳಲು ಆಗುವುದಿಲ್ಲ. 1940ರ ಬ್ಯೂಕ್ ಕಾರುಗಳಲ್ಲೇ ತಾನಾಗಿ ಆಫ್ ಆಗುವ ಇಂಡಿಕೇಟರ್ ಇತ್ತು. 1974ರಲ್ಲಿ ಬಂದ ಸಿಟ್ರೊಯೆನ್ ಸಿಎಕ್ಸ್‌ನಲ್ಲಿ ಇರಲಿಲ್ಲ, ಅದು ಬೇಕೆಂದೇ ಬಿಟ್ಟದ್ದು. ಕಾರಿನ ಮ್ಯಾನುಯಲ್ ಅಥವಾ ಬಿಡಿಭಾಗಗಳ ಚಿತ್ರಪಟ್ಟಿಯಲ್ಲಿ ಕ್ಯಾಮ್ ಕಾಣಿಸದಿದ್ದರೆ ಸುಮ್ನೆ ಬಿಚ್ಚಬೇಡಿ. ಒಂದು ಚಿಕ್ಕ ಬಜರ್ ಹಾಕಿಸಿ. ಮೂರು ಕಾಲಿನ ಫ್ಲ್ಯಾಶರ್ ಇದ್ದರೆ ಅದರಲ್ಲಿ ಪಿ ಅಂತ ಗುರುತಿರುವ ಕಾಲು ಡ್ಯಾಶ್‌ಬೋರ್ಡಿನ ದೀಪಕ್ಕೆ ಹೋಗುತ್ತದೆ. ಆ ಕಾಲಿಗೂ ಕಾರಿನ ಬಾಡಿಯ ಲೋಹಕ್ಕೂ ನಡುವೆ ಬಜರ್ ಜೋಡಿಸಿದರೆ ದೀಪ ಮಿನುಗಿದಾಗಲೆಲ್ಲ ಸದ್ದು ಬರುತ್ತದೆ. ಒಂದು ಎಚ್ಚರಿಕೆ: ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯನ್ನೇ ಕಾರಿನ ಬಾಡಿಯ ಲೋಹಕ್ಕೆ ಜೋಡಿಸಿರುವುದು ಮಾಮೂಲಿ, ಅಂಥದ್ದರಲ್ಲಿ ಬಜರಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. 12 ವೋಲ್ಟಿನ ಕಾರೋ 6 ವೋಲ್ಟಿನದೋ ನೋಡಿಕೊಂಡೇ ಬಜರ್ ಕೊಳ್ಳಿ.