ಮಗುವಿಗೆ ಪದೇ ಪದೇ ಕಿವಿ ಸೋಂಕು: ತಲೆಸ್ನಾನ, ಮೊಸರು ನಿಲ್ಲಿಸಿದರೆ ತಡೆಯಬಹುದೇ?

ಎರಡೂವರೆ ವರ್ಷದ ಮಗು, ಶೀತ ಬಂದಾಗಲೆಲ್ಲ ಕಿವಿನೋವು. ತಲೆಸ್ನಾನ ನಿಲ್ಲಿಸಿದ್ದೀರಿ, ಮೊಸರು, ಬಾಳೆಹಣ್ಣು ನಿಲ್ಲಿಸಿದ್ದೀರಿ, ಕಿವಿಗೆ ಹತ್ತಿ ಇಟ್ಟೇ ಹೊರಗೆ ಬಿಡುತ್ತೀರಿ, ಇನ್ನು ಏನು ನಿಲ್ಲಿಸಬೇಕು ಅಂತ ಕೇಳಿದ್ದೀರಿ. ಮಾರಾಯ್ರೆ, ನಿಲ್ಲಿಸಿದ್ದನ್ನೆಲ್ಲ ಮೊದಲು ವಾಪಸ್ ಕೊಡಿ. ಉಡುಪಿಯ ನಮ್ಮ ಮನೆಯಲ್ಲೂ ಇದೇ ಪಟ್ಟಿ ಇತ್ತು. ಮಗಳ ಕಿವಿ ಸೋರುವುದು ಮಾತ್ರ ನಿಲ್ಲಲಿಲ್ಲ.

ಪ್ಲೇ ಸ್ಕೂಲಿಗೆ ಹಾಕಿದ ಜೂನ್‌ನಿಂದ ಶುರು. ಶಾಲೆಯಿಂದ ಶೀತ ತರುವುದು, ಎರಡು ಮೂರು ದಿನಕ್ಕೆ ರಾತ್ರಿ ಕಿವಿ ಹಿಡಿದುಕೊಂಡು ಚೀರುವುದು. ಮಲಗಿಸಿದರೆ ನೋವು ಜಾಸ್ತಿ, ಹಾಗಾಗಿ ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲಿ ಅತ್ತಿಂದಿತ್ತ ನಡೆಯುವುದು. ಅಂಥ ಒಂದು ರಾತ್ರಿ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಕಿವಿಗೆ ಬಿಟ್ಟೆ. ಅತ್ತೆ ಬೇಡ ಅಂದಿದ್ದರು. (ಇಂಥ ಕಥೆಗಳಲ್ಲಿ ಎಣ್ಣೆ ಬಿಡುವುದು ಯಾವಾಗಲೂ ಅತ್ತೆ. ನಮ್ಮಲ್ಲಿ ಸೊಸೆ.) ಸ್ವಲ್ಪ ಹೊತ್ತಿಗೆ ಅಳು ನಿಂತಿತು, ನಿದ್ದೆ ಬಂತು. ಬೆಳಿಗ್ಗೆ ನೋಡಿದರೆ ತಲೆದಿಂಬಿನ ಮೇಲೆ ಹಳದಿ ಕಲೆ, ಅಂಚಿನಲ್ಲಿ ತುಸು ರಕ್ತದ ಬಣ್ಣ. ಕೆಟ್ಟದ್ದೆಲ್ಲ ಹೊರಗೆ ಬಂತು, ಎಣ್ಣೆ ಕೆಲಸ ಮಾಡಿತು ಅಂತ ನನಗೆ ಖುಷಿ.

ನಿಜವಾಗಿ ಆದದ್ದು ಬೇರೆ. ಇದನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಈ ಎಣ್ಣೆ ಎಲ್ಲರ ಮನೆಯಲ್ಲೂ ಉಂಟು. ಕೀವು ತುಂಬಿದ್ದು ಕಿವಿಯ ತಮಟೆಯ (ಕಿವಿಯೊಳಗಿನ ತೆಳು ಪರದೆ) ಹಿಂದೆ, ಮಧ್ಯಕಿವಿಯಲ್ಲಿ. ಅದು ತಮಟೆಯನ್ನು ಒಳಗಿನಿಂದ ಒತ್ತುತ್ತಿದ್ದದ್ದೇ ನೋವು. ಒತ್ತಡ ತಾಳದೆ ತಮಟೆ ತೂತಾಯಿತು, ಕೀವು ಹೊರಗೆ ಬಂತು, ನೋವು ಇಳಿಯಿತು. ಎಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ. ತಮಟೆ ಸರಿ ಇದ್ದರೆ ಹೊರಗಿನಿಂದ ಬಿಟ್ಟ ಎಣ್ಣೆ ಸೋಂಕಿನ ಜಾಗಕ್ಕೆ ತಲುಪುವುದೇ ಇಲ್ಲ. ತೂತಾಗಿದ್ದರೆ ಹೋಗಬಾರದಲ್ಲಿಗೆ ಹೋಗುತ್ತದೆ. ನನಗೋ ಅದು ಕೈಗುಣದ ಮದ್ದಾಗಿ ಹೋಯಿತು. ಮುಂದಿನ ನೋವಿಗೂ ಅದೇ, ನೋವಿಲ್ಲದಾಗಲೂ ಮುಂಜಾಗ್ರತೆಗೆ ಎರಡು ಹನಿ, ಮೇಲಿಂದ ಹತ್ತಿ. ಸಣ್ಣ ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ, ಕಿವಿ ಒಣಗಿರಬೇಕು ಅಷ್ಟೆ. ನಾನು ಒಣಗಲಿಕ್ಕೆ ಬಿಟ್ಟರೆ ತಾನೆ? ಹಗ್ಗದ ಮೇಲಿನ ಬಟ್ಟೆಯೇ ಒಣಗದ ಮಳೆಗಾಲ ಬೇರೆ. ಕಿವಿಯೊಳಗೆ ಬೂಸ್ಟು ಬಂತು. ಇಎನ್‌ಟಿ ಡಾಕ್ಟರು ಸಕ್ಷನ್ ಹಾಕಿ ಎಳೆದಾಗ ಬಂದದ್ದು ಒದ್ದೆಯಾದ ಪೇಪರಿನ ಚೂರಿನಂಥ ಬಿಳಿ ಪದರ, ಮೇಲೆ ಕಪ್ಪು ಚುಕ್ಕಿಗಳು. ಶೀತದಿಂದ ಬಂದದ್ದೊಂದು, ನಾನು ಎಣ್ಣೆ ಬಿಟ್ಟು ಬರಿಸಿದ್ದು ಇನ್ನೊಂದು.

ಅವತ್ತು ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಕಿವಿಯದ್ದಲ್ಲ, "ಹಾಲು ಹೇಗೆ ಕುಡಿಯುತ್ತಾಳೆ?" ಮಲಗಿಕೊಂಡು, ಬಾಟಲಿಯಲ್ಲಿ, ಕುಡಿಯುತ್ತಲೇ ನಿದ್ದೆ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಯುಸ್ಟೇಶಿಯನ್ ನಾಳ ಅಂತ ಒಂದು ಉಂಟು. ದೊಡ್ಡವರಲ್ಲಿ ಅದು ಓರೆಯಾಗಿ ಇಳಿದಿರುತ್ತದೆ, ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೆ ಇರುತ್ತದೆ. ಶೀತದಲ್ಲಿ ಅದು ಕಟ್ಟಿಕೊಳ್ಳುತ್ತದೆ, ರೋಗಾಣು ಮೂಗಿನಿಂದಲೇ ಒಳಗೆ ಹೋಗುತ್ತದೆ, ಅಂಗಾತ ಮಲಗಿ ಕುಡಿದ ಹಾಲೂ ಅತ್ತ ನುಗ್ಗಬಹುದು. ತಮಟೆ ಸರಿ ಇದ್ದರೆ ತಲೆಸ್ನಾನದ ನೀರು ಅದನ್ನು ದಾಟುವುದಿಲ್ಲ. ಕಿವಿ ಸೋರುತ್ತಿರುವಾಗ, ತೂತು ಮುಚ್ಚುವವರೆಗೆ ಮಾತ್ರ ವ್ಯಾಸಲಿನ್ ಸವರಿದ ಹತ್ತಿ ಇಟ್ಟು ಸ್ನಾನ ಮಾಡಿಸಿ, ಆಮೇಲೆ ತೆಗೆಯಿರಿ. ಮೊಸರು, ಬಾಳೆಹಣ್ಣು ಪಾಪ, ಏನೂ ಮಾಡಿಲ್ಲ.

ಹಾಗಾಗಿ ನೀವು ನಿಜವಾಗಿ ನಿಲ್ಲಿಸಬೇಕಾದ್ದು ಬಾಟಲಿ ಮತ್ತು ಹೊಗೆ. ನಾವು ಬಾಟಲಿ ಬಿಸಾಡಿ ಸ್ಟೀಲ್ ಲೋಟ ಕೊಟ್ಟೆವು. ಒಂದಷ್ಟು ರಾತ್ರಿ ರಂಪ, ಆಮೇಲೆ ಮರೆತಳು. ರಬ್ಬರ್ ನಿಪ್ಪಲ್ ಚೀಪುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ. ಮಾವನ ಬೀಡಿ ಚಾವಡಿಯಿಂದ ತೋಟಕ್ಕೆ ಹೋಯಿತು. ಮುಖ ಗಂಟಿಕ್ಕಿಕೊಂಡೇ ಹೋದರು, ಆದರೆ ಹೋದರು. ಬಚ್ಚಲ ಒಲೆಗೆ ಹಸಿ ಗರಿ, ಸಿಪ್ಪೆ ತುಂಬಿಸಿ ಹೊಗೆ ಎಬ್ಬಿಸುವಾಗ ಮಗು ಹತ್ತಿರ ಬೇಡ.

ತಾಯಿ ಕಾರ್ಡ್ ತೆಗೆದು ಪಿಸಿವಿ ಲಸಿಕೆ (ಕಿವಿ ಸೋಂಕನ್ನೂ ತರುವ ನ್ಯುಮೋಕಾಕಸ್ ರೋಗಾಣುವಿನ ವಿರುದ್ಧದ್ದು) ಆಗಿದೆಯಾ ನೋಡಿ. 2021ರಿಂದ ಅದು ದೇಶದಾದ್ಯಂತ ಸರ್ಕಾರಿ ಪಟ್ಟಿಯಲ್ಲಿದೆ: 6 ವಾರ, 14 ವಾರ, 9 ತಿಂಗಳಿಗೆ. ತಪ್ಪಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಕೇಳಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮಳೆಗಾಲಕ್ಕೆ ಮುಂಚೆ ಹಾಕಿಸುವುದು ಒಳ್ಳೆಯದು, ಶೀತ ಕಡಿಮೆಯಾದಷ್ಟು ಕಿವಿಗೆ ಲಾಭ. ಸೋಂಕು ಬಾರದ ಹಾಗೆ ದಿನಾ ಸ್ವಲ್ಪ ಆ್ಯಂಟಿಬಯಾಟಿಕ್ ಕೊಡಿ ಅಂತ ಮಾತ್ರ ನೀವಾಗಿ ದುಂಬಾಲು ಬೀಳಬೇಡಿ.

6 ತಿಂಗಳಲ್ಲಿ 3 ಸಲ, ಅಥವಾ ವರ್ಷದಲ್ಲಿ 4 ಸಲ ಬಂದಿದ್ದರೆ ಇಎನ್‌ಟಿಗೆ ತೋರಿಸಲೇಬೇಕು. ಬಾಯಿ ತೆರೆದು ಮಲಗುತ್ತಾ, ಗೊರಕೆ ಹೊಡೆಯುತ್ತಾ ಗಮನಿಸಿ ಹೇಳಿ, ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಗಡ್ಡೆ ದಪ್ಪಗಾಗಿರಬಹುದು. ನೋವು ಹೋದ ಮೇಲೂ ತಮಟೆ ಹಿಂದೆ ನೀರು ಉಳಿದಿರಬಹುದು. 3 ತಿಂಗಳಾದರೂ ಇಳಿಯದಿದ್ದರೆ ಕೇಳಿಸುವ ಪರೀಕ್ಷೆ ಮಾಡಿಸುತ್ತಾರೆ. ನನ್ನ ಮಗಳು ಕರೆದರೆ ತಿರುಗದಿದ್ದಾಗ ಹಠ ಅಂತ ಬೈದದ್ದುಂಟು, ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಗ್ರೊಮೆಟ್ ಅಂದರೆ ಹೆದರಬೇಡಿ, ಆ ನೀರು ಇಳಿಯಲಿಕ್ಕೆ ತಮಟೆಗೆ ಕೂರಿಸುವ ಪುಟ್ಟ ಕೊಳವೆ, ಹೆಚ್ಚಾಗಿ ತಾನೇ ಉದುರಿ ಬೀಳುತ್ತದೆ. ಕಿವಿಯ ಹಿಂದಿನ ಎಲುಬಿನ ಹತ್ತಿರ ಕೆಂಪಾಗಿ ಬಾತು, ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡರೆ ಮಾತ್ರ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.