ಟ್ರಾಫಿಕ್‌ನಲ್ಲಿ ಓಡುವ ಕಾರಿಗೆ ಯಾವ ಇಂಜಿನ್ ಆಯಿಲ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಜಿನ್ ಆಯಿಲ್ ಬಗ್ಗೆ. ಮುಂಬೈ, ಪುಣೆ, ಗೋವಾದಿಂದ ಬಂದ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ. ನನ್ನ ಮನೆ ಡೊಂಬಿವಲಿಯಲ್ಲಿ, ಕೆಲಸ ಪವಯಿಯಲ್ಲಿ. ದಿನಾ ಹೋಗಿ ಬರುವುದು ಸುಮಾರು 60 ಕಿ.ಮೀ., ಅದಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ. 2021ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯು-20 ಅಂತಿದೆ. ವಾರಂಟಿ ಮುಗಿದ ಮೇಲೆ ಮನೆ ಹತ್ತಿರದ ಗ್ಯಾರೇಜಿಗೆ ಬಿಡುತ್ತಿದ್ದೇನೆ. ಅಲ್ಲಿನ ಮೆಕ್ಯಾನಿಕ್, "ಇದು ನೀರಿನ ಹಾಗಿದೆ, ಮುಂಬೈ ಸೆಕೆಗೆ ತಡೆಯಲ್ಲ, 20ಡಬ್ಲ್ಯು-50 ಹಾಕೋಣ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಹಾಕಿಸಿ. ಆದರೆ ಸ್ವಲ್ಪ ಬೇಗ ಬದಲಿಸಿ. ಈ 'ಮುಂಬೈ ಸೆಕೆ'ಯ ಮಾತು ಠಾಣೆಯಿಂದ ವಸಯಿ ತನಕ ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಒಳ್ಳೊಳ್ಳೆ ಇಂಜಿನ್ನುಗಳಿಗೆ ತಪ್ಪು ಆಯಿಲ್ ಬೀಳುವುದು ಇದರಿಂದಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಬ್ಲ್ಯುಗಿಂತ ಮೊದಲಿನ ಅಂಕಿ, ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ನಂತರದ ಅಂಕಿ, 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ದಪ್ಪ ಉಳಿಯುತ್ತದೆ ಅಂತ ಹೇಳುತ್ತದೆ. ಹೊರಗೆ 35 ಡಿಗ್ರಿ ಇರಲಿ, 15 ಇರಲಿ, ಥರ್ಮೋಸ್ಟಾಟ್ ಕೂಲಂಟನ್ನು 90 ಡಿಗ್ರಿ ಆಸುಪಾಸಿನಲ್ಲೇ ಇಡುತ್ತದೆ. ಕೂಲಿಂಗ್ ಫ್ಯಾನ್, ರೇಡಿಯೇಟರ್ ಸರಿ ಇದ್ದರೆ ಕುರ್ಲಾದ ಸೆಕೆ ನಿಮ್ಮ ಬೇರಿಂಗಿಗೆ ಗೊತ್ತೇ ಆಗುವುದಿಲ್ಲ. ಕಂಪನಿಯವರು 0ಡಬ್ಲ್ಯು-20 ಅಂತ ಬರೆದದ್ದು ಆ ಬಿಸಿಯನ್ನೂ ಲೆಕ್ಕ ಹಾಕಿಯೇ.

ದಪ್ಪ ಆಯಿಲ್ ಹಾಕಿದರೆ ಏನಾಗುತ್ತದೆ? 40 ಡಿಗ್ರಿಯಲ್ಲಿ 0ಡಬ್ಲ್ಯು-20ರ ಮಂದತೆ ಸುಮಾರು 45 ಸೆಂಟಿಸ್ಟೋಕ್ಸ್. 20ಡಬ್ಲ್ಯು-50ರದ್ದು ಸಾಮಾನ್ಯವಾಗಿ 150ಕ್ಕಿಂತ ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಕ್ಯಾಮ್‌ಶಾಫ್ಟಿಗೆ ಆಯಿಲ್ ತಲುಪಬೇಕು. ಇಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ಆ ಹೊತ್ತಿನದ್ದು. ದಪ್ಪ ಆಯಿಲ್ ಅಲ್ಲಿಗೆ ನಿಧಾನವಾಗಿ ಹೋಗುತ್ತದೆ. ಜೊತೆಗೆ ಈಗಿನ ಪೆಟ್ರೋಲ್ ಇಂಜಿನ್ನುಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ನಡೆಯುವುದೇ ಆಯಿಲ್ ಒತ್ತಡದಿಂದ. ಅದರ ಸಣ್ಣ ದಾರಿಗಳು ತೆಳು ಆಯಿಲ್‌ಗೆಂದೇ ಮಾಡಿದವು. ಮೈಲೇಜ್ ಬೀಳುವುದು ಬೇರೆ. ಕೆಲವು ಮ್ಯಾನ್ಯುಯಲ್‌ಗಳಲ್ಲಿ 0ಡಬ್ಲ್ಯು-20 ಜೊತೆಗೆ 5ಡಬ್ಲ್ಯು-30ಕ್ಕೂ ಒಪ್ಪಿಗೆ ಇರುತ್ತದೆ. ನಿಮ್ಮದರಲ್ಲಿ ಹಾಗಿದ್ದರೆ ಅದನ್ನು ಧಾರಾಳವಾಗಿ ಬಳಸಿ. ಪಟ್ಟಿಯಲ್ಲಿ ಇಲ್ಲದ್ದು ಬೇಡ.

ಗ್ರೇಡ್ ಆದ ಮೇಲೆ ಡಬ್ಬದ ಹಿಂದೆ ಇರುವ ಎಪಿಐ ಗುರುತು, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು ನೋಡಿ. ಪೆಟ್ರೋಲ್ ಕಾರಿಗೆ 2020ರಲ್ಲಿ ಬಂದ ಎಸ್‌ಪಿ ಇದ್ದರೆ ಸಾಕು. ಟರ್ಬೊ ಪೆಟ್ರೋಲ್ ಇರುವವರು ಇದನ್ನು ಬಿಡಲೇಬಾರದು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಬೀಳುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಒಂದಿದೆ. ಅದನ್ನು ತಡೆಯುವ ಪರೀಕ್ಷೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆ, ಎರಡೂ ಎಸ್‌ಪಿಯಲ್ಲಿ ಸೇರಿವೆ.

ಈಗ ನಿಮ್ಮ ನಿಜವಾದ ಸಮಸ್ಯೆ. 60 ಕಿ.ಮೀ.ಗೆ ಮೂರೂವರೆ ಗಂಟೆ ಅಂದರೆ ಗಂಟೆಗೆ ಸರಾಸರಿ 17 ಕಿ.ಮೀ. ಓಡೋಮೀಟರ್ 10,000 ಕಿ.ಮೀ. ತೋರಿಸುವಷ್ಟರಲ್ಲಿ ನಿಮ್ಮ ಇಂಜಿನ್ 580 ಗಂಟೆಗಿಂತ ಜಾಸ್ತಿ ದುಡಿದಿರುತ್ತದೆ. ಅದೇ ಕಾರು ಸೊಲ್ಲಾಪುರ ರಸ್ತೆಯಲ್ಲಿ 60ರ ಸರಾಸರಿಯಲ್ಲಿ ಓಡಿದ್ದರೆ 170 ಗಂಟೆಯೂ ಆಗುತ್ತಿರಲಿಲ್ಲ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ, ಆದರೆ ಆಯಿಲ್ ಸುಟ್ಟ ಗಂಟೆ ಮೂರು ಪಟ್ಟಿಗೂ ಜಾಸ್ತಿ. ಶೀಲ್‌ಫಾಟಾದಲ್ಲಿ ಎಸಿ ಹಾಕಿಕೊಂಡು ನಿಂತಾಗಲೂ ಇಂಜಿನ್ ತಿರುಗುತ್ತಲೇ ಇರುತ್ತದೆ, ಅಲ್ವಾ? ಬಹುತೇಕ ಮ್ಯಾನ್ಯುಯಲ್‌ಗಳಲ್ಲಿ ಇಂಥ ಓಡಾಟಕ್ಕೆ 'ಕಠಿಣ ಬಳಕೆ' ಅಂತ ಬೇರೆ ಪಟ್ಟಿ ಇರುತ್ತದೆ. ಯಾರೂ ಆ ಪುಟ ತಿರುವುವುದಿಲ್ಲ. ನನ್ನ ಸಲಹೆ: ಒಳ್ಳೆಯ ಸಿಂಥೆಟಿಕ್ ಹಾಕಿಸಿ, 7,000ದಿಂದ 7,500 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಿಸಿ.

ಇನ್ನೊಂದು ಮಾತು. ಆಯಿಲ್ ಡಬ್ಬ ನೀವೇ ನಂಬಿಕೆಯ ಡೀಲರ್ ಹತ್ತಿರ ಕೊಂಡು, ಸೀಲ್ ನಿಮ್ಮೆದುರೇ ಒಡೆಸಿ. ಸುರಿದಾದ ಮೇಲೆ ಖಾಲಿ ಡಬ್ಬಕ್ಕೆ ತೂತು ಹೊಡೆದು ಬಿಸಾಡಿ. ಅಸಲಿ ಡಬ್ಬದಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿಗೆ ಬೇಕಾದ್ದು ಆ ಡಬ್ಬವೇ.

ಪ್ರಶ್ನೆ: ಸರ್, ನಾವು ಪಿಂಪ್ರಿಯಲ್ಲಿ ಇದ್ದೇವೆ. ಬಿಎಸ್6 ಡೀಸೆಲ್ ಎಸ್‌ಯುವಿ. ಯಜಮಾನರು ದಿನಾ ಹಿಂಜೆವಾಡಿಗೆ ಓಡಿಸುತ್ತಾರೆ. ಮೊನ್ನೆ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕಡಿಮೆ ಆಗುವ ಬದಲು ಮೇಲೇರಿದೆ! ಸರ್ವಿಸ್‌ನಲ್ಲಿ ಜಾಸ್ತಿ ಸುರಿದಿದ್ದಾರೆಯೇ? ಅಂಗಡಿಯವರು ಕಡಿಮೆ ಬೆಲೆಗೆ ಎ3/ಬಿ4 ಗುರುತಿನ ಸಿಂಥೆಟಿಕ್ ಕೊಡುತ್ತೇನೆ ಅಂದರು. ತೆಗೆದುಕೊಳ್ಳಬಹುದಾ?

ಉತ್ತರ: ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಇಟ್ಟುಕೊಂಡಿದ್ದೀರಿ, ತುಂಬಾ ಒಳ್ಳೆಯದು. ಆರಂಭದಲ್ಲೇ ಗಮನಿಸಿದ್ದು ಇನ್ನೂ ಒಳ್ಳೆಯದು.

ಸರ್ವಿಸ್ ಆದ ಹೊಸತರಲ್ಲಿ ಮಟ್ಟ ಸರಿಯಾಗಿದ್ದು ಆಮೇಲೆ ಏರಿದ್ದರೆ, ಬಂದು ಸೇರಿರುವುದು ಬಹುಶಃ ಡೀಸೆಲ್. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಎಗ್ಸಾಸ್ಟಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಇಂಜಿನ್ ಆ ಫಿಲ್ಟರಿನೊಳಗಿನ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ಸುಡಬೇಕು. ಅಷ್ಟು ಬಿಸಿ ಮಾಡಲು ಬಹಳಷ್ಟು ಕಾರುಗಳಲ್ಲಿ ಸಿಲಿಂಡರಿಗೆ ತಡವಾಗಿ ಸ್ವಲ್ಪ ಡೀಸೆಲ್ ಸಿಂಪಡಿಸುತ್ತಾರೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯಿಂದ ಇಳಿದು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಮತ್ತೆ ಮೊದಲಿಂದ ಶುರು. ಹೀಗೆ ಡೀಸೆಲ್ ಬೆರೆಯುತ್ತಾ ಆಯಿಲ್ ತೆಳ್ಳಗಾಗುತ್ತದೆ.

ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ ಮುಂದಿನ ಸರ್ವಿಸ್ ತನಕ ಕಾಯಬೇಡಿ, ಈ ವಾರವೇ ಬದಲಿಸಿ. ತುಂಬಾ ಏರಿದರೆ ಇಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವಿದೆ. ಆಮೇಲೆ ವಾರಕ್ಕೊಮ್ಮೆಯಾದರೂ ಎಕ್ಸ್‌ಪ್ರೆಸ್‌ವೇಯಲ್ಲಿ ಲೋಣಾವಳ ತನಕ ಒಂದೇ ವೇಗದಲ್ಲಿ ಹೋಗಿ ಬನ್ನಿ. ಡಿಪಿಎಫ್ ಲೈಟ್ ಹತ್ತಿದ ದಿನ ಗಾಡಿ ಆಫ್ ಮಾಡದೆ ಇಪ್ಪತ್ತು ನಿಮಿಷ ಹೈವೇಯಲ್ಲಿ ಓಡಿಸಿ.

ಅಂಗಡಿಯವರ ಎ3/ಬಿ4 (ಇದು ಯುರೋಪಿನ ಕಾರು ತಯಾರಕರ ಸಂಘದ ಗುರುತು) ಬೇಡವೇ ಬೇಡ. ಅದು ಕಳಪೆ ಆಯಿಲ್ ಅಂತಲ್ಲ, ನಿಮ್ಮ ಕಾರಿಗೆ ಆಗುವುದಿಲ್ಲ. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಅಂಶಗಳು ಸುಟ್ಟಾಗ ಬೂದಿ ಉಳಿಯುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಡಿಪಿಎಫ್‌ನಲ್ಲೇ ಕೂರುತ್ತದೆ. ಎ3/ಬಿ4ರಲ್ಲಿ ಬೂದಿಯ ಅಂಶ ಶೇ. 1.6ರ ತನಕ ಇರಬಹುದು, ಡಿಪಿಎಫ್ ಕಾರುಗಳಿಗೆಂದೇ ಇರುವ ಸಿ3ರಲ್ಲಿ ಶೇ. 0.8ರ ಒಳಗೇ ಇರಬೇಕು. ಸಿ2, ಸಿ3, ಸಿ5ರಲ್ಲಿ ನಿಮ್ಮ ಮ್ಯಾನ್ಯುಯಲ್ ಯಾವುದನ್ನು ಹೇಳುತ್ತದೋ ಅದನ್ನೇ ಕೇಳಿ ತನ್ನಿ. ಡಬ್ಬದಲ್ಲಿ ಉಳಿಸಿದ ಕೆಲವು ನೂರು ರೂಪಾಯಿ ಡಿಪಿಎಫ್ ಬೆಲೆಯ ಮುಂದೆ ಏನೇನೂ ಅಲ್ಲ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ರಿಟೈರ್ ಆಗಿದ್ದೇನೆ. 2009ರ ಪೆಟ್ರೋಲ್ ಕಾರು, 1.3 ಲಕ್ಷ ಕಿ.ಮೀ. ಆಗಿದೆ. ಯಾವಾಗಲೂ ಮಿನರಲ್ ಆಯಿಲ್. ಮಗ ಫುಲ್ಲಿ ಸಿಂಥೆಟಿಕ್ ಹಾಕಿಸಿ ಅನ್ನುತ್ತಾನೆ, ಮೆಕ್ಯಾನಿಕ್ ಸೋರುತ್ತದೆ ಅನ್ನುತ್ತಾರೆ. ಈಗ ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಓಡಿಸಿದರೆ ಹೆಚ್ಚು. ಅದೂ ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ, ಯಾವಾಗಲಾದರೂ ಚೋರ್ಲಾ ಘಾಟಿ ಹತ್ತಿ ಬೆಳಗಾವಿಗೆ.

ಉತ್ತರ: ಸಿಂಥೆಟಿಕ್ ಹಾಕಿದ್ದಕ್ಕೇ ಸೋರುತ್ತದೆ ಅನ್ನುವುದು ಹಳೇ ಕಾಲದ ಮಾತು. ಮೊದಮೊದಲ ಸಿಂಥೆಟಿಕ್‌ಗಳು ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದವು. ಈಗಿನವಕ್ಕೆ ಆ ದೋಷ ಇಲ್ಲ. ಆದರೆ ಗಟ್ಟಿಯಾದ ಹಳೇ ಸೀಲಿನ ಬಿರುಕನ್ನು ಕೊಳೆ ಮುಚ್ಚಿಕೊಂಡಿದ್ದರೆ, ಹೊಸ ಆಯಿಲ್ ಅದನ್ನು ತೊಳೆದಾಗ ಜಿನುಗಬಹುದು. ಅದು ಸೀಲಿನ ತಪ್ಪು.

ನಿಮ್ಮ ಓಡಾಟಕ್ಕೆ ದುಬಾರಿ ಸಿಂಥೆಟಿಕ್ ಅಗತ್ಯ ನನಗೆ ಕಾಣುತ್ತಿಲ್ಲ. 'ಫುಲ್ಲಿ ಸಿಂಥೆಟಿಕ್' ಅಂತ ಮಾರುವ ಬಹಳಷ್ಟು ಆಯಿಲ್ ಗ್ರೂಪ್ 3, ಅಂದರೆ ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಒಡೆದು ಚೆನ್ನಾಗಿ ಶುದ್ಧ ಮಾಡಿದ್ದು. ಇದನ್ನು ಸಿಂಥೆಟಿಕ್ ಅನ್ನಬಹುದೇ ಅಂತ ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ನಡುವೆ ಜಗಳವಾಗಿ, 1999ರಲ್ಲಿ ಅನ್ನಬಹುದು ಅಂತ ತೀರ್ಮಾನವಾಯಿತು. ಅದು ಒಳ್ಳೆಯ ಆಯಿಲೇ. ಜಾಸ್ತಿ ಬಿಸಿ, ಜಾಸ್ತಿ ಗಂಟೆ ತಡೆಯುತ್ತದೆ. ನಿಮ್ಮ ಕಾರಿಗೆ ಆ ಎರಡೂ ಇಲ್ಲ.

ನಿಮ್ಮ ತೊಂದರೆ ಬೇರೆ. ಮಾರ್ಕೆಟ್ಟಿಗೆ ಎರಡು ಕಿ.ಮೀ. ಹೋಗಿ ನಿಲ್ಲಿಸಿದರೆ ಆಯಿಲ್ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಹಾಗೇ ಉಳಿಯುತ್ತವೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪಸೆ ಕಂಡರೆ ಇದೇ ಕಾರಣ ಇರಬಹುದು. ಹೆದರಬೇಡಿ, ಅರ್ಧ ಗಂಟೆ ಓಡಿಸಿ ಒರೆಸಿ ನೋಡಿ. ಕೂಲಂಟ್ ಕೂಡ ಕಡಿಮೆ ಆಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಮ್ಯಾನ್ಯುಯಲ್ ಗ್ರೇಡಿನ ಸೆಮಿ ಸಿಂಥೆಟಿಕ್ ಹಾಕಿಸಿ. ಕಿ.ಮೀ. ಎಷ್ಟೇ ಆಗಿರಲಿ, ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿ. ಹಳೇ ಕಾರಿಗೆ ಹೊಸ ಎಸ್‌ಪಿ ಗುರುತಿನದ್ದೂ ಆಗುತ್ತದೆ. ಮಗನಿಗೆ ಬೇಸರ ಆಗುವುದಾದರೆ ಸಿಂಥೆಟಿಕ್ಕನ್ನೇ ಹಾಕಿಸಿ, ಕಾರಿಗೆ ಏನೂ ನಷ್ಟವಿಲ್ಲ.

ಪ್ರಶ್ನೆ: ಮಾಟುಂಗಾದಿಂದ ಊರಿಗೆ, ಉಡುಪಿಗೆ ಹೋಗುವಾಗ ದಾರಿಯಲ್ಲಿ ಆಯಿಲ್ ಕಡಿಮೆ ಆದರೆ ಬೇರೆ ಬ್ರ್ಯಾಂಡ್ ಸೇರಿಸಬಹುದೇ?

ಉತ್ತರ: ಸೇರಿಸಬಹುದು. ಎಪಿಐ ಗುರುತಿನ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಅಂತ ನಿಯಮವಿದೆ. ಗ್ರೇಡ್ ಒಂದೇ ಇರಲಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಒಮ್ಮೆಗೆ ಕಾಲು ಲೀಟರ್ ಸುರಿದು ಮತ್ತೆ ನೋಡಿ, ಮ್ಯಾಕ್ಸ್ ದಾಟಿಸಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್ ಹತ್ತಿದ್ದರೆ ಅದು ಒತ್ತಡ ಬಿದ್ದ ಗುರುತು. ಮುಂದಿನ ಬಂಕ್ ತನಕ ಹೋಗೋಣ ಅನ್ನಬೇಡಿ, ಬದಿಗೆ ತಂದು ಇಂಜಿನ್ ಆಫ್ ಮಾಡಿ. ಆಯಿಲ್ ತುಂಬಿದ ಮೇಲೂ ಲೈಟ್ ಆರದಿದ್ದರೆ ಗಾಡಿ ಎಳೆಸಿಕೊಂಡೇ ಹೋಗಬೇಕು. ಎನ್‌ಎಚ್ 66ರಲ್ಲಿ ಎಲ್ಲ ಕಡೆ 0ಡಬ್ಲ್ಯು-20 ಸಿಗುವ ಭರವಸೆ ಇಲ್ಲ. ಹೊರಡುವ ಮೊದಲೇ ಒಂದು ಲೀಟರ್ ಡಬ್ಬ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.